ಎವರ್‌ಗ್ರೀನಿನ ಹೇಮಲತಾ

ಹುಚ್ಚಮ್ಮನವರು ಮಂಡ್ಯದಿಂದ ಅಮೆರಿಕದ ಸ್ಯಾನ್ ಹೋಸೆಗೆ ಬಂದ ಎರಡನೆಯ ವಾರದಲ್ಲೇ ಹೇಮಲತಾ ಆಗಿಬಿಟ್ಟರು. ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ತಪ್ಪೆಲ್ಲ ಅವರದೇ ಎಂದರೆ ಅನ್ಯಾಯವಾಗುತ್ತದೆ. ಎರಡು ಸಾವಿರನೇ ಇಸವಿ ಇನ್ನೇನು ಬಂದೇಬಿಟ್ಟಿತು ಎನ್ನುತ್ತಿದ್ದ ಆ ದಿನಗಳಲ್ಲಿ, ಆ ಸೀಮೆಯಲ್ಲಿ ಹೆಸರು ಬದಲಾಯಿಸಿಕೊಳ್ಳದೆ ಸುಮ್ಮನೆ ಕೂತವರೇ ಕಡಿಮೆ.

ಅವರ ಮಗ ಶಿವರಾಮು ಕೆಲಸ ಮಾಡುತ್ತಿದ್ದ ಕಂಪನಿಯನ್ನೇ ನೋಡಿ. ಅದು ಆಸ್ಪತ್ರೆಗಳಿಗೆ ಹತ್ತಿ, ಬ್ಯಾಂಡೇಜು, ಕೈಗವಸು ಒದಗಿಸುವ ಸಾದಾಸೀದಾ ಕಂಪನಿ. ಆ ಬೇಸಿಗೆಯಲ್ಲಿ ತನ್ನ ಹೆಸರಿನ ತಲೆಗೊಂದು 'ಇ', ಬಾಲಕ್ಕೊಂದು 'ಡಾಟ್ ಕಾಮ್' ಅಂಟಿಸಿಕೊಂಡಿತು. ಅದರ ಷೇರು ಕೂಡಲೇ ಹಾರಿ ಕೂತಿತು. ಒಳಗೇನಪ್ಪಾ ಬದಲಾಯಿತು ಎಂದು ಹುಚ್ಚಮ್ಮನವರು ಕೇಳಿದ್ದಕ್ಕೆ ಶಿವರಾಮು, ಬಾಗಿಲ ಮೇಲಿನ ಬೋರ್ಡು ಬದಲಾಯಿತವ್ವ, ಅದೇ ಹತ್ತಿ, ಅದೇ ಬ್ಯಾಂಡೇಜು ಎಂದಿದ್ದ. ಹೀಗೆ ಹೇಳಿದ ಶಿವರಾಮುವೂ ಆಫೀಸಿನಲ್ಲಿ ಶಿವರಾಮು ಆಗಿರಲಿಲ್ಲ. ಫೋನು ಬಂದರೆ 'ಶಿವ್ ಹಿಯರ್' ಎನ್ನುತ್ತಿದ್ದ. ಬೋರ್ಡು ಬದಲಾಯಿಸಿದರೆ ಇಷ್ಟು ಅನುಕೂಲವಾಗುವ ಊರಿದು ಎನ್ನುವುದು ಹುಚ್ಚಮ್ಮನವರ ಮನಸ್ಸಿನಲ್ಲಿ ಎಲ್ಲೋ ಕೂತಿರಬೇಕು.

ಬೆಳಿಗ್ಗೆ ಮಕ್ಕಳು ಆಫೀಸಿಗೂ ಮೊಮ್ಮಕ್ಕಳು ಸ್ಕೂಲಿಗೂ ಹೊರಟುಹೋದ ಮೇಲೆ ಅವರ ಬಡಾವಣೆ ಎವರ್‌ಗ್ರೀನಿನ ಗುಡ್ಡದ ಬುಡದಲ್ಲಿದ್ದ ಪಾರ್ಕು ಊರಿಂದ ಬಂದ ಹಿರಿಯರ ಕೈಗೆ ಸಿಗುತ್ತಿತ್ತು. ಸೀರೆಯ ಮೇಲೆ ಮಗನ ಹಳೆಯ ಸ್ವೆಟರು, ಸೀರೆಯ ಕೆಳಗೆ ಸೊಸೆಯ ಹಳೆಯ ಸ್ಪೋರ್ಟ್ಸ್ ಶೂ, ಇದು ಅಲ್ಲಿಯ ಯೂನಿಫಾರಂ. ಹುಚ್ಚಮ್ಮನವರು ಮೊದಲ ದಿನ ಅದೇ ವೇಷದಲ್ಲಿ, ಎರಡು ಹೆಜ್ಜೆ ಹಿಂದೆ ಮಂಕಿ ಕ್ಯಾಪಿನಲ್ಲಿ ಬರುತ್ತಿದ್ದ ಗಂಡ ಕೆಂಪರಾಜು ಅವರ ಸಮೇತ ಅಲ್ಲಿಗೆ ಹೋದಾಗ, ಕನ್ನಡಕದ ಹೆಂಗಸೊಬ್ಬರು ತಾವಾಗಿಯೇ ಮಾತಾಡಿಸಿದರು. ಅವರು ಊರ್ಮಿಳಾ, ಮೈಸೂರಿನವರು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಅವರ ಮೊಮ್ಮಗಳು ಹರಿಪ್ರಿಯಾ ಕೂಡ ಹುಚ್ಚಮ್ಮನವರ ಮೊಮ್ಮಗಳು ನಿಸರ್ಗಾಳ ಕ್ಲಾಸಿನಲ್ಲೇ, ಎರಡನೇ ತರಗತಿಯಲ್ಲಿ, ಓದುತ್ತಿದ್ದಳು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ ಊರ್ಮಿಳಾ, ತಮ್ಮ ಹೆಸರು ಎಂದು ಕೇಳಿದರು.

ಹುಚ್ಚಮ್ಮನವರ ಹೆಸರನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಮಗನಿಗೆ ಅವರು ಅವ್ವ, ಸೊಸೆ ಪ್ರಭಾಮಣಿಗೆ ಅತ್ತೆ, ನಿಸರ್ಗಾಳಿಗೆ ಅಜ್ಜಿ. ಬೀದಿಯವರಿಗೆ ಶಿವರಾಮು ತಾಯಿ. ಗಂಡನಿಗೆ ಮದುವೆಯಾದ ದಿನದಿಂದ ಇವತ್ತಿನವರೆಗೆ 'ಇವಳೇ'. ಹುಚ್ಚಮ್ಮ ಎಂಬ ಹೆಸರು ರೇಷನ್ ಕಾರ್ಡಿನಲ್ಲೂ ಪಾಸ್‌ಪೋರ್ಟಿನಲ್ಲೂ ಹಾಯಾಗಿ ಮಲಗಿತ್ತು. ಅದು ಅಲ್ಲೇ ಮಲಗಿರಲಿ ಎನ್ನುವುದೇ ಅವರ ಆಸೆಯೂ ಆಗಿತ್ತು. ಏಕೆಂದರೆ ಆ ಹೆಸರು ಎಚ್ಚರವಾಗಿದ್ದಾಗ ಅವರನ್ನು ಸ್ಕೂಲು ಬಿಡಿಸಿತ್ತು. ಮೇಷ್ಟ್ರು ಹಾಜರಿ ಕರೆಯುತ್ತ 'ಹುಚ್ಚಮ್ಮ' ಅನ್ನುವುದಕ್ಕೂ ಹುಡುಗರ ಸಾಲು ಸಾಲೇ ಕಣ್ಣು ಮೇಲೆ ಮಾಡಿ, ತಲೆ ಕೆದರಿಕೊಂಡು, ನಾಲಗೆ ಹೊರಹಾಕುವುದಕ್ಕೂ ಸರಿಹೋಗುತ್ತಿತ್ತು. ಮೇಷ್ಟ್ರೂ ಮೀಸೆಯಡಿ ನಗುತ್ತಿದ್ದರು. ಒಂದು ದಿನ ಹುಡುಗಿ ಸ್ಲೇಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು, ನಾನು ಕರು ಮೇಯಿಸುತ್ತೇನೆ, ನಾಳೆಯಿಂದ ಹೋಗುವುದಿಲ್ಲ ಎಂದಳು. ಓದಿನಲ್ಲಿ ಚುರುಕಾಗಿದ್ದ ಹುಡುಗಿ. ಯಾಕೆ ಎಂದು ಮನೆಯಲ್ಲಿ ಯಾರೂ ಒತ್ತಾಯ ಮಾಡಿ ಕೇಳಲಿಲ್ಲ.

ಈಗ ಎದುರಿಗೆ ನಿಂತದ್ದೂ ಪಾಠ ಹೇಳಿದವರೇ, ಕನ್ನಡಕದವರು, ಉತ್ತರಕ್ಕೆ ಕಾಯುತ್ತಿದ್ದವರು. ಹುಚ್ಚಮ್ಮನವರ ಬಾಯಿ ಅವರನ್ನು ಕೇಳದೆಯೇ 'ಹೇಮಲತಾ' ಎಂದುಬಿಟ್ಟಿತು. ಮಂಡ್ಯದ ಸಕ್ಕರೆ ಕಾರ್ಖಾನೆಯ ಆಫೀಸರೊಬ್ಬರ ಹೆಂಡತಿಯ ಹೆಸರದು. ಆಕೆ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಿಂದ ಇಳಿಯುವುದನ್ನು ಹುಚ್ಚಮ್ಮನವರು ಒಮ್ಮೆ ನಿಂತು ನೋಡಿದ್ದರು. ಒಳ್ಳೆಯ ಹೆಸರು ಎಂದು ಊರ್ಮಿಳಾ ಮೆಚ್ಚಿದರು. ಹಿಂದಿದ್ದ ಕೆಂಪರಾಜುಗೆ ಮಾತ್ರ ಕೆಮ್ಮು ಹತ್ತಿಕೊಂಡು ಬೆಂಚಿನ ಮೇಲೆ ಕೂರಬೇಕಾಯಿತು.

ಕೆಂಪರಾಜು ಅಂಥ ಅವಕಾಶ ಬಿಡುವ ಆಸಾಮಿಯೇ ಅಲ್ಲ. ಅವತ್ತು ಮನೆಗೆ ಬಂದವರೇ ಸೋಫಾದ ಮೇಲೆ ಕಾಲು ಚಾಚಿ, "ಒಂದ್ ಲೋಟ ಕಾಫಿ ಸಿಕ್ಕದಾ, ಹೇಮಲತಮ್ಮೋರೇ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಮುದ್ದೆಗೆ ಉಪ್ಪಿನಕಾಯಿ ಬೇಕಾದರೂ ಹೇಮಲತಮ್ಮನವರು, ಟಿವಿ ರಿಮೋಟು ಬೇಕಾದರೂ ಹೇಮಲತಮ್ಮನವರು. ಮಗ ಸೊಸೆ ಮನೆಗೆ ಬಂದೊಡನೆ ಮಾತ್ರ ಮೊದಲಿನಂತೆ 'ಇವಳೇ'. ಹೆಂಡತಿಯ ಗುಟ್ಟು ಕೈಯಲ್ಲಿರುವ ಸುಖವನ್ನು ಅವರು ಪಾಯಸದ ಹಾಗೆ ಸವಿಯುತ್ತಿದ್ದರು. ಹುಚ್ಚಮ್ಮನವರು ಇದಕ್ಕೆ ಶಿಕ್ಷೆಯಾಗಿ ಅವರ ಕಾಫಿಗೆ ಸಕ್ಕರೆ ಕಡಿಮೆ ಮಾಡಿದರು. ಅವರು ಅದನ್ನೂ ನಗುತ್ತಲೇ ಕುಡಿದರು.

ಇಂಗ್ಲಿಷಿನ ಕತೆ ಶುರುವಾದದ್ದು ಅದೇ ತಿಂಗಳು. ಶಿವರಾಮು ಮನೆಗೆ ಬರುತ್ತಿದ್ದದ್ದು ಕತ್ತಲಾದ ಮೇಲೆ. ಪ್ರಭಾಮಣಿ ರೆಡ್‌ವುಡ್ ಸಿಟಿಯ ಆಫೀಸಿನಿಂದ ಹೊರಟು ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಸುಸ್ತಾಗಿ ಬರುತ್ತಿದ್ದಳು. ಆದ್ದರಿಂದ ನಿಸರ್ಗಾಳ ಹೋಮ್‌ವರ್ಕಿಗೆ ಸಂಜೆ ಜೊತೆಗೆ ಕೂರುವವರು ಅಜ್ಜಿಯೇ. ಕೂರುವುದೆಂದರೆ ಏನು, ಪಾಠ ಹೇಳಿಸಿಕೊಳ್ಳುವುದು. ಏಳು ವರ್ಷದ ನಿಸರ್ಗಾ ಡೈನಿಂಗ್ ಟೇಬಲಿನ ಆ ತುದಿಯಲ್ಲಿ ತನ್ನ ಟೀಚರ್ ಮಿಸ್ ಡೆಲ್ಗಾಡೋ ಆಗುತ್ತಿದ್ದಳು. ಅಜ್ಜಿ ಈ ತುದಿಯಲ್ಲಿ ಹುರುಳಿಕಾಯಿ ಮುರಿಯುತ್ತ ಇಡೀ ಕ್ಲಾಸು ಆಗುತ್ತಿದ್ದರು. ಮಾತಾಡುವ ಮುಂಚೆ ಕೈ ಎತ್ತಬೇಕು ಎಂಬ ಕಾನೂನೂ ಇತ್ತು.

ಆ ವಾರದ ಪಾಠ ಕಾಮನ್ ನೌನು. ಮನುಷ್ಯರು, ಜಾಗಗಳು, ವಸ್ತುಗಳು, ಪ್ರಾಣಿಗಳು, ಇವುಗಳಲ್ಲಿ ಯಾವುದಕ್ಕೂ ಸಲ್ಲುವ ಹೆಸರು ಕಾಮನ್ನು. ಅವುಗಳಲ್ಲಿ ಇಂಥದ್ದೇ ಎಂದು ಒಂದನ್ನು ಬೆರಳಿಟ್ಟು ತೋರಿಸುವ ಹೆಸರು ಪ್ರಾಪರ್ರು, ಅದಕ್ಕೆ ತಲೆಯಲ್ಲಿ ದೊಡ್ಡ ಅಕ್ಷರ. ನಿಸರ್ಗಾ ಇದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹುಚ್ಚಮ್ಮನವರು ಸ್ವಲ್ಪ ಹೊತ್ತು ಕಾಯಿ ಮುರಿಯುವುದನ್ನು ನಿಲ್ಲಿಸಿ, ಕೈ ಎತ್ತಿ, ಹಾಗಾದರೆ ಹೊಳೆ ಅನ್ನುವುದು ಕಾಮನ್ನು, ಶಿಂಷಾ ಅನ್ನುವುದು ಪ್ರಾಪರ್ರು, ಅಲ್ಲವಾ ಎಂದರು. ಹಬ್ಬ ಕಾಮನ್ನು, ಯುಗಾದಿ ಪ್ರಾಪರ್ರು. ನಿಸರ್ಗಾಳಿಗೆ ಶಿಂಷಾ ಎಂದರೇನೆಂದು ಗೊತ್ತಿರಲಿಲ್ಲ. ಆದರೂ ಟೀಚರ್ ಗತ್ತಿನಲ್ಲಿ ಗುಡ್ ಜಾಬ್ ಎಂದು ಅಜ್ಜಿಯ ಕೈಹಿಂದೆ ಒಂದು ನಕ್ಷತ್ರದ ಸ್ಟಿಕರ್ ಅಂಟಿಸಿದಳು. ಹುಚ್ಚಮ್ಮನವರು ಅದನ್ನು ನೀರು ತಾಗಿಸದೆ ಜೋಪಾನ ಮಾಡಿಕೊಂಡು ಪಾತ್ರೆಗಳನ್ನು ಅವತ್ತು ಡಿಶ್‌ವಾಷರಿಗೇ ಹಾಕಿದರು. ಅದುವರೆಗೆ ಆ ಯಂತ್ರವನ್ನು ಅವರು ನಂಬಿರಲಿಲ್ಲ.

ಹೊಸದಾಗಿ ಕಲಿತವರ ಹುರುಪು ಎಂಥದು ಎಂದು ಕಲಿತವರಿಗೇ ಗೊತ್ತು. ಗ್ರೋಸರಿ ಅಂಗಡಿಗೆ ಹೋದರೆ ತಳ್ಳುಗಾಡಿ ಹಿಡಿದು ಸಾಲಿನುದ್ದಕ್ಕೂ ಬ್ರೆಡ್ಡು, ಎಗ್ಗು, ಸೋಪು ಎಂದು ಕಾಮನ್ ನೌನುಗಳನ್ನು ಆರಿಸುತ್ತಿದ್ದರು. ಈ ದೇಶದಲ್ಲಿ ಬಿಸ್ಕತ್ತಿಗೂ ಸೋಪಿಗೂ ನಾಯಿಯ ತಿಂಡಿಗೂ ಒಂದೊಂದು ಪ್ರಾಪರ್ ನೌನು ಇದೆ, ದೊಡ್ಡ ಅಕ್ಷರ ಇದೆ. ನಮ್ಮ ಮನೆಯ ಮನುಷ್ಯರಿಗೆ ಮಾತ್ರ ಅವ್ವ, ಅತ್ತೆ, ಮಾವ, ಇವಳೇ ಎಂದು ಬರೀ ಕಾಮನ್ನು ಎಂದು ಅವರಿಗೊಮ್ಮೆ ನಗು ಬಂತು. ಈ ದೇಶಕ್ಕೆ ಬಂದದ್ದು ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು. ಜೊತೆಗೆ ದೊಡ್ಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವುದೂ ಬಂತು. ಬಾಲ್ಯದಲ್ಲಿ ಬಿಟ್ಟುಬಂದ ಸ್ಲೇಟು ಮರಳಿ ಕೈಗೆ ಸಿಕ್ಕಂತೆ ಅವರು ಸುಖವಾಗಿದ್ದರು.

ಎಡವಟ್ಟಾದದ್ದು ಮಕ್ಕಳಿಂದ. ಕಾಮನ್ ನೌನಿನ ಎದುರು ಪ್ರಾಪರ್ ನೌನು ಬರೆಯಬೇಕಾದ ಹೋಮ್‌ವರ್ಕಿನಲ್ಲಿ 'ಗ್ರ್ಯಾಂಡ್‌ಮದರ್' ಎಂಬುದರ ಎದುರಿಗೆ ನಿಸರ್ಗಾ, ತಲೆಗೆ ದೊಡ್ಡ ಅಕ್ಷರ ಹಾಕಿ, ಅಂದವಾಗಿ 'ಅಜ್ಜಿ' ಎಂದು ಬರೆದಳು. ಅದೇ ಕ್ಲಾಸಿನ ಹರಿಪ್ರಿಯಾಳೂ 'ಅಜ್ಜಿ' ಎಂದೇ ಬರೆದಳು. ಇಬ್ಬರಿಗೂ ಗೊತ್ತಿದ್ದ ಹೆಸರು ಅದೊಂದೇ. ಮಿಸ್ ಡೆಲ್ಗಾಡೋ ಇಬ್ಬರಿಗೂ ರೈಟ್ ಹಾಕಿ, ಭಾರತದ ಇಬ್ಬರು ಅಜ್ಜಿಯರಿಗೂ ಒಂದೇ ಹೆಸರಿರುವುದು ಎಷ್ಟು ಚೆಂದ ಎಂದು ಪಕ್ಕದಲ್ಲಿ ಬರೆದಿದ್ದರು.

ನಾನೂ ನೀವೂ ಆಗಿದ್ದರೆ ನಕ್ಕು ಬಿಡುತ್ತಿದ್ದೆವು. ಊರ್ಮಿಳಾ ಬಿಡುವವರಲ್ಲ. ತಪ್ಪಿಗೆ ರೈಟ್ ಹಾಕಿದ್ದನ್ನು ನೋಡಿದ ಮೇಲೆ ಅವರಿಗೆ ಊಟ ರುಚಿಸಲಿಲ್ಲ. ಮಾರನೆಯ ದಿನ ಮೊಮ್ಮಗಳನ್ನು ಬಿಡಲು ಹೋದವರು ಟೀಚರನ್ನು ನಿಲ್ಲಿಸಿಕೊಂಡು, ಅಜ್ಜಿ ಎಂಬುದು ಕನ್ನಡದಲ್ಲಿ ಅಪ್ಪಟ ಕಾಮನ್ ನೌನೆಂದೂ ಕರ್ನಾಟಕದಲ್ಲಿ ಅಂಥವರು ಲಕ್ಷಗಟ್ಟಲೆ ಇದ್ದಾರೆಂದೂ ವಿವರಿಸಿ ಬಂದರು. ಮಿಸ್ ಡೆಲ್ಗಾಡೋ ಒಳ್ಳೆಯ ಹೆಣ್ಣುಮಗಳು. ತನ್ನ ತಪ್ಪಿಗೆ ತಾನೇ ನಕ್ಕು, ಹಾಗಾದರೆ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಮೊದಲು ಬರುವ ಗ್ರ್ಯಾಂಡ್‌ಪೇರೆಂಟ್ಸ್ ಡೇ ದಿನ ಎಲ್ಲ ಮಕ್ಕಳೂ ಅಜ್ಜ ಅಜ್ಜಿಯರನ್ನು ಅವರವರ ಸ್ವಂತ ಹೆಸರಿನಿಂದ ಪರಿಚಯ ಮಾಡಿಸಲಿ ಎಂದು ಗೊತ್ತುಮಾಡಿದರು.

ಆ ಸಂಜೆ ನಿಸರ್ಗಾ ಪಾರ್ಕಿನಲ್ಲೇ, ಊರ್ಮಿಳಾ ಪಕ್ಕದಲ್ಲೇ ಇರುವಾಗ, "ಅಜ್ಜಿ, ವಾಟ್ಸ್ ಯುವರ್ ರಿಯಲ್ ನೇಮ್?" ಎಂದು ಕೇಳಿದಳು. ಹುಚ್ಚಮ್ಮನವರು ಗಂಡನ ಕಡೆ ನೋಡಿದರು. ಗಂಡ ಆಕಾಶ ನೋಡುತ್ತಿದ್ದರು. ಅವರಿಗಿಂತ ಮೊದಲು ಊರ್ಮಿಳಾ ಅವರೇ, ಹೇಮಲತಾ ಅಂತ ಬರಕೊಳ್ಳಮ್ಮ, ಬಂಗಾರದ ಬಳ್ಳಿ ಎಂದು ಅರ್ಥ ಎಂದು ಹೇಳಿಯೇಬಿಟ್ಟರು. ಮಗು ಮನೆಗೆ ಬಂದು ದೊಡ್ಡ ರಟ್ಟಿನ ಮೇಲೆ ಆ ಹೆಸರು ಬರೆದು, ಸುತ್ತ ಹಳದಿ ಬಳ್ಳಿ ಬಿಡಿಸಿ, ಮಿನುಗು ಪುಡಿ ಚೆಲ್ಲಿತು. ಪಾರ್ಕಿನಲ್ಲಿ ಆಡಿದ ಸುಳ್ಳು ಬೇರೆ, ಮಗುವಿನ ಪಾಠದೊಳಗೆ ಸೇರಿಕೊಂಡ ಸುಳ್ಳು ಬೇರೆ. ಆದರೆ ಈಗ ನಿಜ ಹೇಳಿದರೆ ಮೊಮ್ಮಗಳು ಅದರ ಅರ್ಥ ಕೇಳುತ್ತಾಳೆ, ಕ್ಲಾಸಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಅಲ್ಲಿ ಇನ್ನೊಂದು ಸಾಲು ಹುಡುಗರು ತಲೆ ಕೆದರಿಕೊಳ್ಳುತ್ತಾರೆ. ಮಂಡ್ಯದ ಹುಡುಗರಿಂದ ಪಾರಾಗಿ ಇಷ್ಟು ದೂರ ಬಂದದ್ದು ಇದಕ್ಕಾ ಎನ್ನಿಸಿ ಅವರು ಬಾಯಿ ಬಿಡಲಿಲ್ಲ. ಕೆಂಪರಾಜು ಕೂಡ ಆ ರಟ್ಟನ್ನು ನೋಡಿದ ಮೇಲೆ ಕಾಫಿಯನ್ನು ಯಾರ ಹೆಸರೂ ಹಿಡಿಯದೆ ಕೇಳಿದರು.

ಆ ದಿನ ಬಂತು. ಹುಚ್ಚಮ್ಮನವರು ಮೈಸೂರು ರೇಷ್ಮೆ ಉಟ್ಟರು. ಕೆಂಪರಾಜು ಕೋಟಿನ ಮೇಲೂ ಮಂಕಿ ಕ್ಯಾಪು ಬಿಡಲಿಲ್ಲ. ಶಿವರಾಮು ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ಇಬ್ಬರನ್ನೂ ಕರೆದುಕೊಂಡು ಹೋಗಿ ಸ್ಕೂಲಿನ ಆಫೀಸಿನಲ್ಲಿ ಸೈನು ಹಾಕಿದ. ಬಂದವರೆಲ್ಲ ಎದೆಗೆ ಹೆಸರಿನ ಚೀಟಿ ಅಂಟಿಸಿಕೊಳ್ಳಬೇಕು ಎಂದು ಅಲ್ಲಿ ಪದ್ಧತಿ. ಅವನು ಮಾರ್ಕರು ತೆಗೆದುಕೊಂಡು, ಪಾಪ, ಎಲ್ಲರಿಗೂ ಕಾಣಲಿ ಎಂದು ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದು, ಅವ್ವನ ಎದೆಯ ಮೇಲಿನ ಸೆರಗಿಗೆ ಒತ್ತಿ ಅಂಟಿಸಿ, ಮೀಟಿಂಗಿದೆ ಎಂದು ಓಡಿಹೋದ. ಅವನಿಗೆ ಹೇಮಲತಾಳ ವಿಷಯ ಯಾರೂ ಹೇಳಿರಲಿಲ್ಲ, ರಟ್ಟೂ ಅವನ ಕಣ್ಣಿಗೆ ಬೀಳದೆ ಸ್ಕೂಲು ಸೇರಿತ್ತು.

ಎರಡು ತಿಂಗಳ ಹಿಂದಾಗಿದ್ದರೆ ಹುಚ್ಚಮ್ಮನವರಿಗೆ ಅದು ಬರೀ ಗೀಟುಗಳಾಗಿ ಕಾಣುತ್ತಿತ್ತು. ಈಗ ತಲೆಕೆಳಗಾಗಿ ಕಂಡರೂ ಓದಲು ಬಂತು. ಎಚ್ಚು, ಯೂ, ಸೀ. ಅವರು ಕಾರಿಡಾರಿನಲ್ಲೇ ನಿಂತು ಅದನ್ನು ಕೀಳಲು ನೋಡಿದರು. ರೇಷ್ಮೆಯ ಎಳೆಯೇ ಕಿತ್ತುಬರತೊಡಗಿತು. ಕೆಂಪರಾಜು, ಸೀರೆ ಹರೀತದೆ ಬುಡು ಎಂದರು. ಕೊನೆಗೆ ಸೆರಗಿನ ತುದಿಯನ್ನು ಚೀಟಿಯ ಮೇಲೆ ಇನ್ನೊಂದು ಸುತ್ತು ಸುತ್ತಿ, ಚಳಿಯಾದವರಂತೆ ಮುದುರಿಕೊಂಡು, ಕ್ಲಾಸಿನೊಳಕ್ಕೆ ಹೋಗಿ ಚಿಕ್ಕ ಕುರ್ಚಿಯ ಮೇಲೆ ಕೂತರು. ಪಕ್ಕದಲ್ಲೇ ಊರ್ಮಿಳಾ ಇದ್ದರು. ಸುತ್ತ ವಿಯೆಟ್ನಾಮಿನ ಅಜ್ಜಿ, ಮೆಕ್ಸಿಕೋದ ಅಜ್ಜ, ಫಿಲಿಪೀನ್ಸಿನ ಅಜ್ಜ ಅಜ್ಜಿ, ಎಲ್ಲರೂ ಮಂಡಿ ಎದೆಗೆ ತಾಗುವ ಹಾಗೆ ಅವೇ ಪುಟ್ಟ ಕುರ್ಚಿಗಳಲ್ಲಿ ಕೂತು ಬೆವರುತ್ತಿದ್ದರು.

ಹರಿಪ್ರಿಯಾ ತನ್ನ ಅಜ್ಜಿಯನ್ನು ಪರಿಚಯ ಮಾಡಿಸಿದಳು. ಊರ್ಮಿಳಾ ಎದ್ದು, ಎರಡು ಮಾತಿನಲ್ಲಿ ಮುಗಿಸುವುದನ್ನು ಹತ್ತು ಮಾತಿನಲ್ಲಿ ಹೇಳಿ ಕೂತರು. ಆಮೇಲೆ ನಿಸರ್ಗಾಳ ಸರದಿ. ಅವಳು ರಟ್ಟನ್ನು ಎತ್ತಿ ಹಿಡಿದು, ಗ್ರ್ಯಾಂಡ್‌ಮದರ್ ಎನ್ನುವುದು ಕಾಮನ್ ನೌನು, ನನ್ನ ಗ್ರ್ಯಾಂಡ್‌ಮದರ್ ಹೆಸರು ಹೇಮಲತಾ ಎಂದು ಘಂಟೆ ಹೊಡೆದಂತೆ ಹೇಳಿ, ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. ಹುಚ್ಚಮ್ಮನವರು ಎದ್ದರು, ಸೆರಗಿನ ತುದಿ ಏಳಲಿಲ್ಲ. ಪುಟ್ಟ ಕುರ್ಚಿಯ ಮೂಲೆಗೆ ಸಿಕ್ಕಿಕೊಂಡು ಜಾರಿತು. ಎದೆಯ ಮೇಲೆ ದಪ್ಪ ಅಕ್ಷರಗಳು ಇಡೀ ಕ್ಲಾಸಿಗೆ ಕಾಣುವಂತೆ ನಿಂತವು.

ಎರಡನೇ ತರಗತಿಯ ಮಕ್ಕಳು ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವವರು. ಮುಂದಿನ ಸಾಲಿನವರು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು. ಅದು ರಟ್ಟಿನ ಮೇಲಿದ್ದ ಹೆಸರಲ್ಲ ಎಂದು ಅವರಿಗೆ ತಿಳಿಯಿತು. ನಿಸರ್ಗಾ ಚೀಟಿಯನ್ನು ನೋಡಿದಳು, ರಟ್ಟನ್ನು ನೋಡಿದಳು, ಮತ್ತೆ ಚೀಟಿಯನ್ನು ನೋಡಿದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ತನ್ನ ಅಜ್ಜಿಯ ಹೆಸರೇ ಇವಳಿಗೆ ಗೊತ್ತಿಲ್ಲ ಎಂದು ಒಬ್ಬ ಹುಡುಗ ಇನ್ನೊಬ್ಬನಿಗೆ ಹೇಳಿದ. ಆ ನಗು ಸಾಲು ಸಾಲಾಗಿ ಹರಡಿತು. "ಐ ಗಾಟ್ ಇಟ್ ರಾಂಗ್," ಎಂದು ನಿಸರ್ಗಾ ಟೀಚರಿಗೆ ಹೇಳಿದಳು, ರಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಮಗ ಬೇರೆ ಯಾರದೋ ಹೆಸರು ಬರೆದಿದ್ದಾನೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹುಚ್ಚಮ್ಮನವರ ನಾಲಗೆಯ ತುದಿಗೆ ಅದು ಬಂದೂ ಇತ್ತು. ಆದರೆ ಆ ನಗು ಅವರಿಗೆ ಚೆನ್ನಾಗಿ ಗೊತ್ತಿದ್ದ ನಗು. ಇಷ್ಟು ವರ್ಷ ಅದರಿಂದ ತಪ್ಪಿಸಿಕೊಂಡು ಓಡಾಡಿದ್ದಕ್ಕೆ ಅದು ಈಗ ಮೊಮ್ಮಗಳ ಮೇಲೆ ಹೋಗಿ ಬಿದ್ದಿತ್ತು. ಅವರಿಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ತಮ್ಮ ಮೇಲೆಯೇ. ಮಗುವಿನ ಹೆಗಲ ಮೇಲೆ ಕೈಯಿಟ್ಟು, ಮನೆಯ ಟೇಬಲಿನಲ್ಲಿ ಕಲಿತ ಅಷ್ಟೂ ಇಂಗ್ಲಿಷನ್ನು ಒಟ್ಟುಮಾಡಿ, "ನೋ. ಷೀ ರೈಟ್. ಐ ರಾಂಗ್," ಎಂದರು. ಅಲ್ಲಿಗೆ ಇಂಗ್ಲಿಷು ಮುಗಿಯಿತು. ಉಳಿದದ್ದನ್ನು ಹೇಳಲು ಮಂಡ್ಯದ ಕನ್ನಡವೇ ಬೇಕಾಯಿತು.

"ನನ್ ಹೆಸ್ರು ಹುಚ್ಚಮ್ಮ ಕನವ್ವ. ನಾಚ್ಕೊಂಡು ಸುಳ್ಳೇಳ್ದೆ. ನಮ್ಮವ್ವಂಗೆ ನನ್ಗಿಂತ ಮುಂಚೆ ಹುಟ್ಟಿದ್ ಮಕ್ಳು ಒಂದೂ ಉಳೀನಿಲ್ಲ. ಎಲ್ರಿಗೂ ಚೆಂದ್‌ಚೆಂದದ್ ಹೆಸ್ರೇ ಮಡಗಿದ್ಲು, ಎಲ್ರೂ ಹೋದ್ರು. ನಾನು ಹುಟ್ದಾಗ ಮೊರಕ್ಕಾಕಿ ತಿಪ್ಪೆ ಮ್ಯಾಲೆ ಮಡಗುದ್ಲಂತೆ. ಪಕ್ಕದ್ಮನೆ ಜವರಮ್ಮ ಎತ್ಕೊಂಡ್ ಬಂದು, ಒಂದ್ ಹಿಡಿ ತೌಡ್ಗೆ ನಮ್ಮವ್ವಂಗೇ ವಾಪಸ್ ಕೊಟ್ಲಂತೆ. ಯಾರ್ಗೂ ಬ್ಯಾಡದ್ ಕೂಸು, ಯಾರ್ಗೂ ಬ್ಯಾಡದ್ ಹೆಸ್ರು. ಸಾವೂ ಬ್ಯಾಡ ಅಂದು ಬುಟ್ಟೋಗ್ಲಿ ಅಂತವ."

ನಿಸರ್ಗಾ ಕನ್ನಡ ಆಡುತ್ತಿರಲಿಲ್ಲವೇ ಹೊರತು ಎಲ್ಲ ತಿಳಿಯುತ್ತಿತ್ತು. ಮೂಗೊರೆಸಿಕೊಂಡು ಕ್ಲಾಸಿಗೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಮೊರ ಅವಳ ಬಾಯಲ್ಲಿ ಬಾಸ್ಕೆಟ್ಟಾಯಿತು, ತಿಪ್ಪೆ ರೀಸೈಕ್ಲಿಂಗ್ ಆಯಿತು, ತೌಡು ಒಂದು ಹಿಡಿ ಸೀರಿಯಲ್ ಆಯಿತು. ಹೆಸರಿನ ಅರ್ಥ ಕ್ರೇಜಿ ಲೇಡಿ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದಳು. ಹುಚ್ಚಮ್ಮನವರು ಆ ಮಾತಿಗೆ ಉಸಿರು ಬಿಗಿಹಿಡಿದು ಸಾಲುಗಳ ಕಡೆ ನೋಡಿದರು. ಯಾರೂ ತಲೆ ಕೆದರಿಕೊಳ್ಳಲಿಲ್ಲ. ವಿಯೆಟ್ನಾಮಿನ ಅಜ್ಜಿ ತನ್ನ ಮೊಮ್ಮಗಳನ್ನು ಎಳೆದುಕೊಂಡು ಕಿವಿಯಲ್ಲಿ ಏನೋ ಹೇಳಿದರು. ನಮ್ಮ ಕಡೆಯೂ ಹಾಗೇ ಮಾಡುತ್ತಾರಂತೆ ಎಂದು ಆ ಹುಡುಗಿ ಕ್ಲಾಸಿಗೆ ವರದಿ ಒಪ್ಪಿಸಿ, ಎಲ್ಲರಿಗೂ ಬೇಕಾಗಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು: "ಡಿಡ್ ಇಟ್ ವರ್ಕ್?"

ಇದನ್ನು ಯಾರೂ ಕನ್ನಡಕ್ಕೆ ತಿರುಗಿಸಬೇಕಾಗಿರಲಿಲ್ಲ. ಹುಚ್ಚಮ್ಮನವರು ತಮ್ಮ ರೇಷ್ಮೆ ಸೀರೆಯನ್ನು, ಸ್ಪೋರ್ಟ್ಸ್ ಶೂವನ್ನು, ಪಕ್ಕದಲ್ಲಿ ಮಂಕಿ ಕ್ಯಾಪು ತೆಗೆದು ಕೈಯಲ್ಲಿ ಹಿಡಿದು ಕೂತಿದ್ದ ಗಂಡನನ್ನು ಒಮ್ಮೆ ನೋಡಿಕೊಂಡು, ಯೆಸ್, ವರ್ಕು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಊರ್ಮಿಳಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನನ್ನ ಹತ್ರ ಹೇಳಬಾರದಿತ್ತೇನ್ರೀ?" ಎಂದು ಮೆಲ್ಲಗೆ ಕೇಳಿದರು. ನಿಮ್ಮ ಹತ್ತಿರ ಹೇಳುವುದಕ್ಕೇ ಹೆದರಿದ್ದು ಎಂದು ಹುಚ್ಚಮ್ಮನವರು ಇದ್ದದ್ದನ್ನು ಇದ್ದಂತೆ ಹೇಳಿದರು. ಆ ಮಾತಿನಲ್ಲಿ ತಿದ್ದುವುದಕ್ಕೆ ಊರ್ಮಿಳಾರಿಗೆ ಏನೂ ಸಿಗಲಿಲ್ಲ.

ಮುಂದಿನ ಮಗುವಿನ ಸರದಿ ಬರುವಷ್ಟರಲ್ಲಿ ಮಕ್ಕಳಲ್ಲಿ ಗುಜುಗುಜು ಶುರುವಾಯಿತು. ಎಲ್ಲರೂ ಕಿಟಕಿಯ ಪಕ್ಕದ ಕಪಾಟಿನ ಕಡೆ ನೋಡುತ್ತಿದ್ದರು. ಅಲ್ಲೊಂದು ತಂತಿಯ ಗೂಡು, ಗೂಡಿನೊಳಗೆ ಮರದ ಹೊಟ್ಟು, ಹೊಟ್ಟಿನ ಮಧ್ಯೆ ಮುಷ್ಟಿಯಷ್ಟಿದ್ದ ಕಂದು ಬಣ್ಣದ ಹ್ಯಾಮ್‌ಸ್ಟರು. ಸೋಮವಾರವಷ್ಟೇ ಬಂದದ್ದು, ಹೆಸರಿನ್ನೂ ಇಟ್ಟಿರಲಿಲ್ಲ. ಇದಕ್ಕೆ ಮೊದಲು ಪ್ರಿನ್ಸೆಸ್ ಎಂಬುದೊಂದು, ಏಂಜಲ್ ಎಂಬುದೊಂದು ಆ ಗೂಡಿನಲ್ಲಿದ್ದು ಒಂದರ ಹಿಂದೊಂದು ಸತ್ತಿದ್ದವು. ಮಕ್ಕಳೇ ಹೂವಿನ ಮಡಿಯಲ್ಲಿ ಹೂತು ಅತ್ತಿದ್ದರಂತೆ. ವಿಯೆಟ್ನಾಮಿ ಹುಡುಗಿ ಕೈ ಎತ್ತಿ, ಅವೆರಡಕ್ಕೂ ನಾವು ಚೆಂದದ ಹೆಸರಿಟ್ಟಿದ್ದೆವು, ಅದಕ್ಕೇ ಹಾಗಾಯಿತು, ಇದಕ್ಕೆ ನಿಸರ್ಗಾಳ ಅಜ್ಜಿಯ ಹೆಸರಿಡೋಣ ಎಂದಳು. ಯಾರು ಯಾರಿಗೆ ಒಪ್ಪಿಗೆ ಎಂದು ಮಿಸ್ ಡೆಲ್ಗಾಡೋ ಕೇಳಿ ಮುಗಿಸುವುದರೊಳಗೆ ಎಲ್ಲ ಕೈಗಳೂ ಮೇಲಿದ್ದವು. ಆಮೇಲೆ ಅವರಿಗೆ ಸಂಕೋಚವಾಗಿ, ನಿಮ್ಮ ಅಪ್ಪಣೆಯಿದ್ದರೆ ಮಾತ್ರ ಎಂದು ಊರ್ಮಿಳಾ ಅವರ ಮೂಲಕ ಹುಚ್ಚಮ್ಮನವರನ್ನು ಕೇಳಿಸಿದರು.

ಹುಚ್ಚಮ್ಮನವರಿಗೆ ರೇಗಿತು. ಎಷ್ಟೆಂದರೂ ಅದು ಇಲಿ. ಅವರ ಮನೆಯ ರಾಗಿ ಕಣಜಕ್ಕೆ ನುಗ್ಗಿದ ಇಲಿಗಳಿಗೆ ಅವರು ಪೊರಕೆ ಕಡ್ಡಿಯಲ್ಲಿ ಮರ್ಯಾದೆ ಮಾಡಿ ಅಭ್ಯಾಸವೇ ಹೊರತು ಹೆಸರಿಟ್ಟಲ್ಲ. ಕೆಂಪರಾಜು ಬಗ್ಗಿ, "ನೀನೂ ಕಾಮನ್ನಾದೆ ಬುಡು," ಎಂದರು. ಹೆಂಡತಿ ತಿರುಗಿ ನೋಡಿದ ನೋಟಕ್ಕೆ ತಕ್ಷಣ ಕ್ಯಾಪು ಹಾಕಿಕೊಂಡರು.

ಆದರೆ ಮಕ್ಕಳು ಆಟಕ್ಕೆ ಕೇಳುತ್ತಿರಲಿಲ್ಲ. ಹುಚ್ಚಮ್ಮನವರು ಅವರ ಮುಖಗಳನ್ನು ನೋಡಿದಾಗ ಅದು ತಿಳಿಯಿತು. ಅವರಿಗೆ ಇನ್ನೊಂದು ಸಲ ಹೂವಿನ ಮಡಿ ಅಗೆಯುವುದು ಬೇಡವಾಗಿತ್ತು, ಅಷ್ಟೇ. ನಿಸರ್ಗಾ ಅಜ್ಜಿಯ ಬೆರಳು ಹಿಡಿದು ಗೂಡಿನ ಹತ್ತಿರಕ್ಕೆ ಎಳೆದುಕೊಂಡು ಹೋಗಿ, ನೀನೇ ಅದಕ್ಕೆ ಹೇಳು ಎಂದಳು. ಹೆಸರಿಡುವುದೆಂದರೆ ಹೀಗೆ ಕೈ ಎತ್ತಿ ಇಡುವುದಲ್ಲ, ಕಿವಿಯಲ್ಲಿ ಕರೆಯಬೇಕು ಎಂದು ಹುಚ್ಚಮ್ಮನವರು ಗೊಣಗುತ್ತಲೇ ಬಗ್ಗಿದರು. ಆ ಜೀವ ಮೂಲೆಗೆ ಸರಿದು ಕೂತಿತ್ತು. ಅದರ ಕಿವಿ ಹುರುಳಿಕಾಳಿನಷ್ಟಿತ್ತು. ಪಕ್ಕೆಗಳು ಎಷ್ಟು ಬೇಗ ಬೇಗ ಹೊಡೆದುಕೊಳ್ಳುತ್ತಿದ್ದವೆಂದರೆ, ಇನ್ನೊಂದು ಗಳಿಗೆಗೆ ನಿಂತೇಹೋಗುತ್ತದೇನೋ ಎಂದು ಅವರಿಗೆ ಗಾಬರಿಯಾಯಿತು.

"ಹುಚ್ಚಮ್ಮ," ಎಂದರು. ಇಷ್ಟು ವಯಸ್ಸಿಗೆ ಆ ಹೆಸರನ್ನು ಅವರು ಯಾರನ್ನೂ ಕರೆಯುವುದಕ್ಕೆ ಬಳಸಿರಲಿಲ್ಲ. ಹ್ಯಾಮ್‌ಸ್ಟರು ಕಿವಿ ನಿಮಿರಿಸಿತು.

"ಹುಚ್ಚಮ್ಮ, ಉಳ್ಕೊ ಕನವ್ವ," ಎಂದು ಇನ್ನೂ ಹತ್ತಿರ ಬಗ್ಗಿ ಕರೆದರು. ಕರೆದಾಗಲೇ ಅವರಿಗೆ ಹೊಳೆಯಿತು. ಹುಡುಗರ ನಗುವಿನ ಜೊತೆಗೇ ಕೇಳಿ ಕೇಳಿ ರೂಢಿಯಾಗಿದ್ದ ಆ ಹೆಸರನ್ನು ಎಲ್ಲರಿಗಿಂತ ಮೊದಲು ಕರೆದವಳು ಅವರ ಅವ್ವ, ಮಡಿಲು ಮತ್ತೆ ಮತ್ತೆ ಬರಿದಾಗಿದ್ದ ಹೆಂಗಸು, ಇಷ್ಟೇ ಚಿಕ್ಕ ಕಿವಿಯೊಳಗೆ. ಅವಳು ನಕ್ಕಿರಲಾರಳು. ಅವಳೂ ಹೀಗೇ ಉಸಿರು ಬಿಗಿಹಿಡಿದು, ಹೀಗೇ ಬೇಡಿಕೊಂಡು ಕರೆದಿರಬೇಕು.

ಹುಚ್ಚಮ್ಮನವರು ಗೂಡಿನ ತಂತಿ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುವುದಕ್ಕೂ ಹೋಗದೆ, ಮತ್ತೊಮ್ಮೆ ಕರೆದರು.